ಅಂಗುಲಕ್ಕೆ ಎಷ್ಟು ಹೊಲಿಗೆ?

ನೀವು ತೊಟ್ಟಿರುವ ಅಂಗಿಯ ಹೊಲಿಗೆಯನ್ನೂ ನಿಮ್ಮ ಪುಸ್ತಕದ ಚೀಲದ ಪಟ್ಟಿಯ ಹೊಲಿಗೆಯನ್ನೂ ಹೋಲಿಸಿ ನೋಡಿ. ಅಂಗಿಯ ಹೊಲಿಗೆಗಳು ಚಿಕ್ಕವು, ಒತ್ತೊತ್ತಾದವು; ಚೀಲದವು ಸಾಮಾನ್ಯವಾಗಿ ಉದ್ದ. ಸ್ಕೇಲನ್ನಿಟ್ಟು ಒಂದು ಅಂಗುಲದಲ್ಲಿ ಎಷ್ಟಿವೆ ಎಂದು ಎಣಿಸಿ. ಹನ್ನೆರಡಿದ್ದರೆ ಒಂದೊಂದರ ಉದ್ದ ಸುಮಾರು 2.1 ಮಿ.ಮೀ.; ಆರಿದ್ದರೆ ಸುಮಾರು 4.2 ಮಿ.ಮೀ. ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ಈ ಎಣಿಕೆಯನ್ನು ಎಸ್.ಪಿ.ಐ. ಎನ್ನುತ್ತಾರೆ.

ಹೊಲಿಗೆ ಒತ್ತಾದಷ್ಟೂ ಗಟ್ಟಿ ಎಂದು ನೀವು ಭಾವಿಸಬಹುದು. ತೆಳು ಬಟ್ಟೆಯಲ್ಲಿ ಒಂದು ಮಿತಿಯವರೆಗೆ ಅದು ನಿಜ. ಎಳೆತದ ಭಾರ ಹಲವು ಹೊಲಿಗೆಗಳಿಗೆ ಹಂಚಿಹೋಗುತ್ತದೆ. ಆದರೆ ಚರ್ಮಕ್ಕೆ ಸೂಜಿ ಮಾಡಿದ ತೂತು ಮತ್ತೆ ಮುಚ್ಚಿಕೊಳ್ಳುವುದಿಲ್ಲ. ತೂತುಗಳು ತೀರ ಹತ್ತಿರವಾದರೆ, ಅಂಚೆಚೀಟಿಯ ಹಾಳೆ ಹರಿಯುವಂತೆ ಚರ್ಮವೂ ಅದೇ ಗೆರೆಯಲ್ಲಿ ಹರಿಯುತ್ತದೆ. ಸಮಯದ ಲೆಕ್ಕವೂ ಇದೆ. ನಿಮಿಷಕ್ಕೆ 3000 ಹೊಲಿಗೆ ಹಾಕುವ ಯಂತ್ರ, ಅಂಗುಲಕ್ಕೆ ಹತ್ತರಂತೆ ನಿಮಿಷದಲ್ಲಿ 300 ಅಂಗುಲ ಹೊಲಿಯುತ್ತದೆ. ಹದಿನೈದರಂತೆ 200 ಅಂಗುಲ ಮಾತ್ರ.

ಈ ಉದ್ದವನ್ನು ನಿರ್ಧರಿಸುವುದು ಸೂಜಿಯಲ್ಲ, ಬಟ್ಟೆಯನ್ನು ಸಾಗಿಸುವ ಹಲ್ಲುಪಟ್ಟಿ. ಅದು ಮೇಲೇರುತ್ತದೆ, ಬಟ್ಟೆಯನ್ನು ಹಿಂದಕ್ಕೆ ತಳ್ಳುತ್ತದೆ, ಕೆಳಗಿಳಿಯುತ್ತದೆ, ಮೊದಲಿನ ಸ್ಥಾನಕ್ಕೆ ಮರಳುತ್ತದೆ. ಈ ನಾಲ್ಕು ಚಲನೆಗಳ ವ್ಯವಸ್ಥೆಗೆ ಅಮೆರಿಕದ ಅಲೆನ್ ವಿಲ್ಸನ್ 1854ರಲ್ಲಿ ಪೇಟೆಂಟ್ ಪಡೆದನು. ಎರಡನೆಯ ಚಲನೆ ಎಷ್ಟು ದೂರವೋ ಹೊಲಿಗೆ ಅಷ್ಟು ಉದ್ದ.

ಮನೆಯಲ್ಲಿ ಬಳಸುವ ಯಂತ್ರಗಳಲ್ಲಿ ಇದನ್ನು ಬದಲಿಸಲು ಸಾಮಾನ್ಯವಾಗಿ ಒಂದು ಸಣ್ಣ ಹಿಡಿಕೆ ಇರುತ್ತದೆ. ಚರ್ಮ, ಕ್ಯಾನ್ವಾಸ್ ಹೊಲಿಯುವ ಸಿಂಗರ್ 111 ಡಬ್ಲ್ಯು ಮಾದರಿಯ ಹಳೆಯ ಕಾರ್ಖಾನೆ ಯಂತ್ರದಲ್ಲಿ ಹಿಡಿಕೆ ಕಾಣುವುದಿಲ್ಲ; ಅದರ ಹಾಸಿನ ಮೇಲೆ ಒಂದು ಗುಂಡಿಯಿದೆ.

ಅದನ್ನು ಮುಟ್ಟುವ ಮೊದಲು ಮೋಟಾರಿನ ಸ್ವಿಚ್ ಆರಿಸಿ. ಹಳೆಯ ಕ್ಲಚ್ ಮೋಟಾರು ಸ್ವಿಚ್ ಆರಿಸಿದ ಮೇಲೂ ಸ್ವಲ್ಪ ಹೊತ್ತು ತಿರುಗುತ್ತಿರುತ್ತದೆ. ಆಗ ಕಾಲು ತಪ್ಪಿ ಪೆಡಲಿನ ಮೇಲೆ ಬಿದ್ದರೆ ಸೂಜಿ ಬೆರಳಿಗೆ ಇಳಿದೀತು. ಆದ್ದರಿಂದ ಮೋಟಾರಿನ ಸದ್ದು ಪೂರ್ತಿ ನಿಲ್ಲುವವರೆಗೆ ಕಾಯಿರಿ.

ಈಗ ಬಟ್ಟೆಯನ್ನು ತೆಗೆದು, ಒಂದು ಕೈಯಿಂದ ಗುಂಡಿಯನ್ನು ಮೆಲ್ಲಗೆ ಒತ್ತಿ ಹಿಡಿಯಿರಿ. ಇನ್ನೊಂದು ಕೈಯಿಂದ ಕೈಚಕ್ರವನ್ನು ನಿಧಾನವಾಗಿ ತಿರುಗಿಸಿ. ಒಂದು ಜಾಗದಲ್ಲಿ ಗುಂಡಿ ಇನ್ನಷ್ಟು ಕೆಳಗಿಳಿಯುತ್ತದೆ. ಒಳಗಿನ ಉತ್ಕೇಂದ್ರ ಬಿಲ್ಲೆಯ ಕಚ್ಚಿನಲ್ಲಿ ಅದು ಕೂತಿತೆಂದು ಅರ್ಥ. ಬಿಲ್ಲೆ ಹೀಗೆ ಸಿಕ್ಕಿಕೊಂಡಿರುವಾಗ ಕೈಚಕ್ರವನ್ನು ಹಿಂದೆ ಮುಂದೆ ತಿರುಗಿಸಿದರೆ ಬಿಲ್ಲೆಯ ಓರೆ ಹೆಚ್ಚು ಕಡಿಮೆಯಾಗಿ, ಹಲ್ಲುಪಟ್ಟಿಯ ಓಟವೂ ಅದರಂತೆ ಬದಲಾಗುತ್ತದೆ. ಕೈಚಕ್ರದ ಮೇಲಿನ ಅಕ್ಷರಗಳಲ್ಲಿ ನಿಮಗೆ ಬೇಕಾದುದು ಯಂತ್ರದ ತೋಳಿನ ಮೇಲಿರುವ ಬಾಣದ ಎದುರು ಬಂದಾಗ ನಿಲ್ಲಿಸಿ, ಗುಂಡಿಯನ್ನು ಬಿಡಿ. ಅದು ಪೂರ್ತಿ ಮೇಲೆ ಬಂದಿತೇ ಎಂದು ನೋಡಿ, ಕೈಯಿಂದಲೇ ಚಕ್ರವನ್ನು ಒಂದು ಸುತ್ತು ತಿರುಗಿಸಿದ ಮೇಲಷ್ಟೇ ಮೋಟಾರು ಹಾಕಿ. ಯಂತ್ರ ಓಡುತ್ತಿರುವಾಗ ಗುಂಡಿಯನ್ನು ಎಂದೂ ಒತ್ತಬಾರದು.

ಅಕ್ಷರವನ್ನೇ ನಂಬಿ ಕೂರಬೇಡಿ. ಹೊಲಿಯಬೇಕಾದ ಬಟ್ಟೆಯದೇ ಒಂದು ತುಂಡನ್ನು ಅಷ್ಟೇ ಪದರ ಮಡಿಸಿ, ಹೊಲಿದು, ಎರಡು ಅಂಗುಲದಲ್ಲಿರುವ ಹೊಲಿಗೆಗಳನ್ನು ಎಣಿಸಿ ಅರ್ಧ ಮಾಡಿ. ಎಣಿಕೆ ಹೆಚ್ಚಾಗಿ ಬಂದರೆ ಬಟ್ಟೆ ಸರಿಯಾಗಿ ಸಾಗುತ್ತಿಲ್ಲವೆಂದು ತಿಳಿಯಿರಿ. ಹಲ್ಲುಗಳ ನಡುವೆ ಧೂಳು, ನೂಲಿನ ಚೂರು ತುಂಬಿರಬಹುದು; ಹಲ್ಲು ಸವೆದಿರಬಹುದು; ಒತ್ತುಪಾದದ ಒತ್ತಡ ಸಾಲದಿರಬಹುದು. ಇವನ್ನು ಸರಿಪಡಿಸದೆ ಉದ್ದವನ್ನಷ್ಟೇ ಹೆಚ್ಚಿಸಿದರೆ ಇಂದು ಸರಿಹೋದ ಹೊಲಿಗೆ ನಾಳೆ ಮತ್ತೆ ಏರುಪೇರಾಗುತ್ತದೆ.

ಮುಂದೆ ನೀವು ಐ.ಟಿ.ಐ.ನಲ್ಲಿ ಹೊಲಿಗೆ ಕಲಿತರೂ, ಎಂಜಿನಿಯರಿಂಗ್ ಓದಿದರೂ ಈ ಕ್ರಮ ಉಪಯೋಗಕ್ಕೆ ಬರುತ್ತದೆ: ಮೊದಲು ಅಳೆಯಿರಿ, ಆಮೇಲೆ ತಿರುಗಿಸಿ, ಮತ್ತೆ ಅಳೆಯಿರಿ.