ಮನೆಯ ಗಣಕಯಂತ್ರಕ್ಕೆ ಯಾವ ವ್ಯವಸ್ಥೆ? – ವಿಂಡೋಸ್ ಮತ್ತು ಲಿನಕ್ಸ್‌ಗಳ ತುಲನೆ

ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ ತಾಲೂಕುಗಳ ಊರುಗಳಲ್ಲಿ ಗಣಕಯಂತ್ರವು ಈಗ ಹೊಸ ವಸ್ತುವಲ್ಲ. ಮಕ್ಕಳ ಓದಿಗೆಂದು ಕೊಂಡ ಯಂತ್ರ ಮನೆಯಲ್ಲಿದೆ. ಗೋವಿನಜೋಳದ ವ್ಯಾಪಾರದ ಲೆಕ್ಕವನ್ನಿಡುವ ಯಂತ್ರ ಅಂಗಡಿಯಲ್ಲಿದೆ. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಪುರಾಣ ಪ್ರವಚನದ ಆಮಂತ್ರಣಗಳನ್ನು ಸಿದ್ಧಪಡಿಸುವ ಯಂತ್ರ ಮುದ್ರಣಾಲಯದಲ್ಲಿದೆ. ದಾಸೋಹದ ಕಾಣಿಕೆಯ ಪಟ್ಟಿಯನ್ನು ಕಾಯ್ದಿಡುವ ಯಂತ್ರ ಮಠದಲ್ಲಿದೆ. ಇವುಗಳಲ್ಲಿ ಎಷ್ಟೋ ಯಂತ್ರಗಳ ಒಡೆಯರಿಗೆ ೨೦೨೫ರ ಅಕ್ಟೋಬರ್ ೧೪ರ ತರುವಾಯ ಒಂದು ಚಿಂತೆ ಹತ್ತಿಕೊಂಡಿತು. ಆ ದಿನ ಮೈಕ್ರೋಸಾಫ್ಟ್ ಸಂಸ್ಥೆಯು ತನ್ನ ವಿಂಡೋಸ್ ೧೦ಕ್ಕೆ ನೀಡುತ್ತಿದ್ದ ಬೆಂಬಲವನ್ನು ನಿಲ್ಲಿಸಿತು. ಮನೆಬಳಕೆಯವರಿಗಾಗಿ ೨೦೨೬ರ ಅಕ್ಟೋಬರ್ ೧೩ರವರೆಗೆ ಒಂದು ವರ್ಷದ ಹೆಚ್ಚಿನ ಅವಧಿಯನ್ನು ಘೋಷಿಸಿತಾದರೂ ಅದು ತಾತ್ಕಾಲಿಕ ಆಸರೆ ಮಾತ್ರ. ಮುಂದಿನ ಆವೃತ್ತಿಯಾದ ವಿಂಡೋಸ್ ೧೧ನ್ನು ಹಾಕಿಕೊಳ್ಳೋಣವೆಂದರೆ, ಸುಮಾರು ೨೦೧೮ಕ್ಕಿಂತ ಹಿಂದಿನ ಬಹುಪಾಲು ಯಂತ್ರಗಳನ್ನು ಅದು ಒಪ್ಪುವುದಿಲ್ಲ. “ಯಂತ್ರ ಹಳೆಯದಾಯಿತು, ಹೊಸದನ್ನು ಕೊಳ್ಳಿರಿ” ಎಂಬ ಸಲಹೆ ಸುಲಭವಾಗಿ ಸಿಗುತ್ತದೆ. ಆದರೆ ನಿನ್ನೆಯವರೆಗೆ ದುಡಿದ ಯಂತ್ರ ಇಂದು ನಿಜವಾಗಿಯೂ ನಿರುಪಯುಕ್ತವಾಯಿತೆ? ಸಾವಿರಾರು ರೂಪಾಯಿ ವ್ಯಯಿಸುವ ಮೊದಲು ಪ್ರತಿಯೊಂದು ಕುಟುಂಬವೂ ವಿಚಾರಿಸಬೇಕಾದ ಪ್ರಶ್ನೆಯಿದು.

ಕಾರ್ಯಾಚರಣ ವ್ಯವಸ್ಥೆ ಎಂದರೇನು?

ಗಣಕಯಂತ್ರವನ್ನು ಒಂದು ದಾಸೋಹದ ಮನೆಗೆ ಹೋಲಿಸಬಹುದು. ದವಸಧಾನ್ಯ ತುಂಬಿದ ಉಗ್ರಾಣವೇ ಅದರ ಡಿಸ್ಕು. ಅಡುಗೆಗೆ ಬೇಕಾದುದನ್ನು ತಂದು ಹರಡಿಕೊಳ್ಳುವ ಕಟ್ಟೆಯೇ ಅದರ ನೆನಪು, ಅಂದರೆ ರ್‍ಯಾಮ್. ಅಡುಗೆ ಮಾಡುವವನೇ ಪ್ರೊಸೆಸರು. ಉಗ್ರಾಣದಿಂದ ಯಾವುದನ್ನು ಯಾವಾಗ ತರಬೇಕು, ಕಟ್ಟೆಯ ಮೇಲೆ ಯಾರಿಗೆಷ್ಟು ಸ್ಥಳ, ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂಬುದನ್ನು ನೋಡಿಕೊಳ್ಳುವ ಮೇಲ್ವಿಚಾರಕನೊಬ್ಬ ಬೇಕಷ್ಟೆ. ಅವನೇ ಆಪರೇಟಿಂಗ್ ಸಿಸ್ಟಮ್. ಕನ್ನಡದಲ್ಲಿ ಕಾರ್ಯಾಚರಣ ವ್ಯವಸ್ಥೆ. ಮೇಲ್ವಿಚಾರಕನು ದಕ್ಷನಾದರೆ ಇದ್ದ ಸಾಮಗ್ರಿಯಲ್ಲಿಯೇ ಪಂಕ್ತಿ ಸಾಗುತ್ತದೆ. ಅವನ ಪರಿವಾರವೇ ಕಟ್ಟೆಯನ್ನೆಲ್ಲ ಆಕ್ರಮಿಸಿದರೆ ಅಡುಗೆಯವನಿಗೆ ಕೈಯಾಡಿಸಲು ಸ್ಥಳವಿಲ್ಲದಂತಾಗುತ್ತದೆ.

ಈ ಕೆಲಸಕ್ಕೆ ಇಂದು ಮುಖ್ಯವಾಗಿ ಮೂವರಿದ್ದಾರೆ. ಮೊದಲನೆಯದು ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್. ಎರಡನೆಯದು ಆಪಲ್ ಸಂಸ್ಥೆಯ ಮ್ಯಾಕ್. ಅದು ಆ ಸಂಸ್ಥೆ ತಯಾರಿಸಿದ ಯಂತ್ರಗಳಿಗಾಗಿಯೇ ಇರುವುದರಿಂದ ನಮ್ಮ ಮನೆಯ ಹಳೆಯ ಯಂತ್ರದ ಪ್ರಶ್ನೆಗೆ ಅದು ಉತ್ತರವಾಗಲಾರದು. ಮೂರನೆಯದು ಲಿನಕ್ಸ್. ಫಿನ್ಲೆಂಡ್ ದೇಶದ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲಿನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ೧೯೯೧ರಲ್ಲಿ ಅದರ ತಿರುಳನ್ನು ಬರೆದು ಹೊರಗೆಡವಿದನು. ಅಮೇರಿಕೆಯ ರಿಚರ್ಡ್ ಸ್ಟಾಲ್ಮನ್ ೧೯೮೩ರಲ್ಲಿ ಪ್ರಾರಂಭಿಸಿದ ಗ್ನೂ ಯೋಜನೆಯ ಸಾಧನಗಳು ಅದರೊಡನೆ ಕೂಡಿಕೊಂಡವು. ಯಾರು ಬೇಕಾದರೂ ಅದನ್ನು ಪಡೆಯಬಹುದು, ಒಳಗನ್ನು ತೆರೆದು ನೋಡಬಹುದು, ತಿದ್ದಬಹುದು, ಹಂಚಬಹುದು. ಹೀಗಾಗಿಯೇ ಅದಕ್ಕೆ ಉಬುಂಟು, ಮಿಂಟ್ ಮುಂತಾದ ಹಲವು ರೂಪಗಳಿವೆ. ನಮ್ಮ ದೇಶದ ಸಿ-ಡ್ಯಾಕ್ ಸಂಸ್ಥೆಯು ರೂಪಿಸಿದ ಬಾಸ್ ಎಂಬುದೂ ಇದೇ ಬಳಗಕ್ಕೆ ಸೇರಿದುದು.

ವೇಗದ ನಿಜವಾದ ಲೆಕ್ಕ

ಯಾವುದು ವೇಗವಾದುದು ಎಂದು ಕೇಳುವ ಮುನ್ನ ಕೆಲವು ಅಂಕಿಗಳನ್ನು ಗಮನಿಸೋಣ. ೧೯೯೫ರಲ್ಲಿ ಬಂದ ವಿಂಡೋಸ್ ೯೫ಕ್ಕೆ ಕನಿಷ್ಠ ೪ ಮೆಗಾಬೈಟ್ ನೆನಪು ಸಾಕೆಂದು ಅದರ ತಯಾರಕರೇ ಹೇಳಿದ್ದರು. ೨೦೦೧ರ ವಿಂಡೋಸ್ ಎಕ್ಸ್‌ಪಿಗೆ ೬೪ ಮೆಗಾಬೈಟ್ ಬೇಕಾಯಿತು. ೨೦೨೧ರ ವಿಂಡೋಸ್ ೧೧ಕ್ಕೆ ಕನಿಷ್ಠ ೪ ಗಿಗಾಬೈಟ್ ನೆನಪು, ೬೪ ಗಿಗಾಬೈಟ್ ಡಿಸ್ಕು ಬೇಕು, ಟಿಪಿಎಮ್ ೨.೦ ಎಂಬ ಭದ್ರತಾ ಸಾಧನವೂ ಇರಬೇಕು. ಇಪ್ಪತ್ತಾರು ವರ್ಷಗಳಲ್ಲಿ ನೆನಪಿನ ಬೇಡಿಕೆ ಸಾವಿರ ಪಟ್ಟು ಹೆಚ್ಚಿತು. ಲಿನಕ್ಸ್ ಮಿಂಟ್ ಕೇಳುವ ಕನಿಷ್ಠ ನೆನಪು ೨ ಗಿಗಾಬೈಟ್; ಹಿತವಾಗಿ ಕೆಲಸ ಮಾಡಲು ೪ ಇರಲೆಂದು ಅದರವರು ಸೂಚಿಸುತ್ತಾರೆ. ಅದರಲ್ಲಿಯೂ ಎಕ್ಸ್‌ಎಫ್‌ಸಿಇ ಎಂಬ ಹಗುರವಾದ ರೂಪವು ಹತ್ತು ವರ್ಷದ ಯಂತ್ರದ ಮೇಲೂ ಹೆಚ್ಚು ಭಾರ ಹೇರುವುದಿಲ್ಲ.

ಇಲ್ಲಿ ಕಲ್ಯಾಣದ ಆಯ್ದಕ್ಕಿ ದಂಪತಿಗಳ ಕಥೆ ನೆನಪಾಗುತ್ತದೆ. ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅಂದಿನ ಕಾಯಕಕ್ಕೆ ಬೇಕಾದುದಕ್ಕಿಂತ ಮಿಗಿಲಾದುದು ನಮಗೇಕೆಂದು ಲಕ್ಕಮ್ಮನು ಅದನ್ನು ಮರಳಿ ಕಳುಹಿಸಿದಳು. ಪತ್ರ ಬರೆಯಲು, ಲೆಕ್ಕವಿಡಲು, ಮಕ್ಕಳ ಪಾಠ ನೋಡಲು ನಮಗೆ ಬೇಕಾಗುವ ಶಕ್ತಿಯೆಷ್ಟು, ನಾವು ಕೊಳ್ಳುತ್ತಿರುವುದೆಷ್ಟು ಎಂದು ತೂಗಿ ನೋಡಲು ಲಕ್ಕಮ್ಮನ ಆ ವಿವೇಕ ಇಂದಿಗೂ ಸಲ್ಲುತ್ತದೆ.

ಆದರೆ ಒಂದೇ ಕಡೆಗೆ ವಾಲುವುದು ನ್ಯಾಯವಲ್ಲ. ವಿಂಡೋಸ್ ಹೆಚ್ಚು ನೆನಪನ್ನು ಬೇಡುವುದರಲ್ಲಿ ಭದ್ರತೆಯ ಏರ್ಪಾಡಿನ ಪಾಲೂ ಇದೆ. ಹಗುರವಾದ ವ್ಯವಸ್ಥೆಯನ್ನು ಹಾಕಿದ ಮಾತ್ರಕ್ಕೆ ಎಲ್ಲವೂ ಹಗುರವಾಗುವುದೂ ಇಲ್ಲ. ಇಂದು ನಾವು ಅಂತರ್ಜಾಲವನ್ನು ನೋಡಲು ಬಳಸುವ ಬ್ರೌಸರು ಬಹುವಾಗಿ ನೆನಪನ್ನು ತಿನ್ನುವ ತಂತ್ರಾಂಶ. ಹತ್ತು ಪುಟಗಳನ್ನು ಒಟ್ಟಿಗೆ ತೆರೆದಿಟ್ಟರೆ ವಿಂಡೋಸ್ ಆಗಲಿ ಲಿನಕ್ಸ್ ಆಗಲಿ ಏದುಸಿರು ಬಿಡಲೇಬೇಕು.

ಇನ್ನೊಂದು ಸತ್ಯವನ್ನು ಬಹು ಜನರು ಗಮನಿಸಿಲ್ಲ. ಹಳೆಯ ಯಂತ್ರ ನಿಧಾನವಾಗಲು ಅನೇಕ ವೇಳೆ ಕಾರಣ ಪ್ರೊಸೆಸರೂ ಅಲ್ಲ, ವ್ಯವಸ್ಥೆಯೂ ಅಲ್ಲ. ತಿರುಗುವ ತಟ್ಟೆಯ ಹಾರ್ಡ್ ಡಿಸ್ಕು. ಅದು ಸೆಕೆಂಡಿಗೆ ಸುಮಾರು ೧೦೦ರಿಂದ ೧೫೦ ಮೆಗಾಬೈಟ್ ಓದಿದರೆ, ತಿರುಗುವ ಭಾಗವಿಲ್ಲದ ಎಸ್‌ಎಸ್‌ಡಿ ಎಂಬ ಹೊಸ ಬಗೆಯ ಡಿಸ್ಕು ೫೦೦ ಮೆಗಾಬೈಟ್‌ನಷ್ಟು ಓದುತ್ತದೆ. ಚದುರಿದ ಸಣ್ಣ ಸಣ್ಣ ಕಡತಗಳನ್ನು ಹುಡುಕುವಾಗಲಂತೂ ಅಂತರ ನೂರು ಪಟ್ಟಿಗೂ ಮೀರುತ್ತದೆ. ಯಂತ್ರ ಪ್ರಾರಂಭವಾಗಲು ಹಿಡಿಯುವ ಬಹಳಷ್ಟು ಕಾಲ ಈ ಹುಡುಕಾಟದಲ್ಲಿಯೇ ಕಳೆಯುವುದು. ಆದ್ದರಿಂದ ಹೊಸ ಯಂತ್ರವನ್ನು ಕೊಳ್ಳುವ ಬದಲು ಡಿಸ್ಕನ್ನು ಬದಲಿಸಿ, ನೆನಪನ್ನು ಸ್ವಲ್ಪ ಹೆಚ್ಚಿಸಿದರೆ ಎಷ್ಟೋ ಮನೆಗಳಲ್ಲಿ ಪ್ರಶ್ನೆ ಅಲ್ಲಿಗೇ ಬಗೆಹರಿದೀತು.

ಕನ್ನಡದ ಪ್ರಶ್ನೆ

ನಮಗೆ ವೇಗಕ್ಕಿಂತ ಮಿಗಿಲಾದ ಇನ್ನೊಂದು ಒರೆಗಲ್ಲಿದೆ, ಅದು ಕನ್ನಡ. ಶೇಷಾದ್ರಿವಾಸು ಅವರ ‘ಬರಹ’ ೧೯೯೮ರಲ್ಲಿ ಹೊರಬಂದಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರಕಾರಿ ಕಚೇರಿಗಳಲ್ಲಿಯೂ ಮುದ್ರಣಾಲಯಗಳಲ್ಲಿಯೂ ನೆಲೆಯೂರಿತು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸ ಕನ್ನಡಿಗರ ಬೆರಳಿಗೆ ಒಗ್ಗಿಹೋಯಿತು. ಇವೆಲ್ಲ ಬೆಳೆದುದು ವಿಂಡೋಸ್‌ನ ಅಂಗಳದಲ್ಲಿ. ಆದುದರಿಂದಲೇ ಕನ್ನಡವೆಂದರೆ ವಿಂಡೋಸ್ ಎಂಬ ಭಾವನೆ ನಮ್ಮಲ್ಲಿ ಬೇರೂರಿತು.

ಆ ಕಾಲದ ಕಡತಗಳ ಒಳಗುಟ್ಟನ್ನು ತಿಳಿಯುವುದು ಅವಶ್ಯ. ಯಂತ್ರವು ಅಕ್ಷರವನ್ನು ಅರಿಯದು, ಸಂಖ್ಯೆಯನ್ನಷ್ಟೇ ಅರಿಯುವುದು. ಹಳೆಯ ಪದ್ಧತಿಯಲ್ಲಿ ಇಂಗ್ಲಿಷ್ ಮುಂತಾದ ಲಿಪಿಗಳಿಗೆ ಮೀಸಲಾದ ಸಂಖ್ಯೆಗಳಿಗೇ ಕನ್ನಡದ ಚಿತ್ರವನ್ನು ಅಂಟಿಸಿ ಕೆಲಸ ಸಾಗಿಸುತ್ತಿದ್ದರು. ಆ ಅಕ್ಷರರೂಪ, ಅಂದರೆ ಫಾಂಟ್, ಇಲ್ಲದ ಯಂತ್ರದಲ್ಲಿ ಕಡತವನ್ನು ತೆರೆದರೆ ಕಾಣುವುದು ಅರ್ಥವಿಲ್ಲದ ಗೀಚು. ಯೂನಿಕೋಡ್ ಎಂಬ ಜಾಗತಿಕ ಪದ್ಧತಿಯಲ್ಲಿ ಹಾಗಲ್ಲ. ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ಅದರದೇ ಆದ ಸಂಖ್ಯೆಯುಂಟು. ‘ಕ’ಕಾರದ ಸಂಖ್ಯೆ ೩೨೨೧. ವಿಂಡೋಸ್, ಲಿನಕ್ಸ್, ಮ್ಯಾಕ್, ಕೈಯಲ್ಲಿನ ಮೊಬೈಲು ಎಲ್ಲವೂ ಅದನ್ನು ‘ಕ’ ಎಂದೇ ಓದುತ್ತವೆ. ಹೀಗೆ ಯೂನಿಕೋಡಿನಲ್ಲಿ ಬರೆದವನಿಗೆ ವ್ಯವಸ್ಥೆಯ ಹಂಗಿಲ್ಲ. ಹಳೆಯ ಪದ್ಧತಿಯಲ್ಲಿ ಬರೆದವನು ಮಾತ್ರ ಆ ಯಂತ್ರಕ್ಕೆ, ಆ ತಂತ್ರಾಂಶಕ್ಕೆ ಕಟ್ಟುಬಿದ್ದಂತೆಯೇ ಸರಿ.

ಲಿನಕ್ಸ್‌ನಲ್ಲಿ ಕನ್ನಡ ನಡೆಯುವುದೇ ಎಂಬ ಶಂಕೆಗೆ ಕಾಸರಗೋಡಿನ ಮಕ್ಕಳೇ ಉತ್ತರ. ೧೯೫೬ರಲ್ಲಿ ಕೇರಳಕ್ಕೆ ಸೇರಿಹೋದ ಆ ನೆಲದ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಮಕ್ಕಳು ಗಣಕಪಾಠವನ್ನು ಕಲಿಯುವುದು ಲಿನಕ್ಸ್ ಆಧಾರಿತ ವ್ಯವಸ್ಥೆಯಲ್ಲಿ, ಪಠ್ಯಪುಸ್ತಕವೂ ಕನ್ನಡದಲ್ಲಿದೆ. ಕೇರಳ ಸರಕಾರದ ಐಟಿ@ಸ್ಕೂಲ್ ಯೋಜನೆ, ೨೦೧೭ರಿಂದ ಕೈಟ್ ಎಂಬ ಹೆಸರಿನ ಸಂಸ್ಥೆಯಾಗಿ, ಶಾಲೆಗಳನ್ನೆಲ್ಲ ಮುಕ್ತ ತಂತ್ರಾಂಶದತ್ತ ತಿರುಗಿಸಿತು. ಕೆ. ಪಿ. ರಾವ್ ವಿನ್ಯಾಸದ ಕೀಲಿಮಣೆಯೂ ಲಿನಕ್ಸ್‌ನಲ್ಲಿ ದೊರೆಯುತ್ತದೆ. ನುಡಿಯಲ್ಲಿ ಪಳಗಿದ ಬೆರಳುಗಳು ಹೊಸದಾಗಿ ಕಲಿಯಬೇಕಾದುದು ಅಲ್ಪ.

ವಿಂಡೋಸ್ ಬೇಕೇ ಬೇಕಾದೆಡೆ

ಕೆಲವು ಕಾಯಕಗಳಿಗೆ ಇಂದಿಗೂ ವಿಂಡೋಸ್ ಅನಿವಾರ್ಯ. ವ್ಯಾಪಾರಸ್ಥರು ಬಳಸುವ ಟ್ಯಾಲಿ ಲೆಕ್ಕದ ತಂತ್ರಾಂಶ ವಿಂಡೋಸ್‌ಗಾಗಿಯೇ ತಯಾರಾದುದು. ಮುದ್ರಣಾಲಯದವರ ಪೇಜ್‌ಮೇಕರ್, ಕೋರಲ್‌ಡ್ರಾ, ಫೋಟೋಶಾಪ್‌ಗಳಿಗೆ ಲಿನಕ್ಸ್ ಆವೃತ್ತಿಗಳಿಲ್ಲ. ಸೇವಾ ಕೇಂದ್ರಗಳಲ್ಲಿ ಬೆರಳಚ್ಚು ಪಡೆಯುವ ಸಾಧನಗಳನ್ನೂ ಹೆಚ್ಚಾಗಿ ವಿಂಡೋಸ್‌ಗೆ ಜೋಡಿಸಿಯೇ ನಡೆಸುತ್ತಾರೆ. ಇಂಥ ಉದ್ಯೋಗದವರು ಹೊಸ ಯಂತ್ರಕ್ಕೆ ಹಣ ತೊಡಗಿಸುವುದು ದುಂದುಗಾರಿಕೆಯಲ್ಲ, ಕಾಯಕದ ಬಂಡವಾಳ. ಆದರೆ ಓದು, ಬರಹ, ಅಂತರ್ಜಾಲಗಳಷ್ಟೇ ಬೇಕಾದ ಮನೆಗೆ ಆ ಅನಿವಾರ್ಯತೆಯಿಲ್ಲ. ಅಲ್ಲಿ ಲಿಬ್ರೆ ಆಫೀಸ್ ಎಂಬ ಉಚಿತ ತಂತ್ರಾಂಶದಲ್ಲಿ ಪತ್ರವನ್ನೂ ಲೆಕ್ಕದ ಕೋಷ್ಟಕವನ್ನೂ ಸಿದ್ಧಪಡಿಸಬಹುದು.

ಬೆಂಬಲ ನಿಂತ ವಿಂಡೋಸ್‌ನಲ್ಲಿ ಯಂತ್ರವೇನೋ ನಡೆಯುತ್ತಲೇ ಇರುತ್ತದೆ. ಆದರೆ ಹೊಸದಾಗಿ ಕಂಡುಬಂದ ಬಿರುಕುಗಳನ್ನು ಮುಚ್ಚುವವರಿಲ್ಲ. ಅಂಥ ಯಂತ್ರದಿಂದ ಬ್ಯಾಂಕಿನ ವ್ಯವಹಾರ ನಡೆಸುವುದೆಂದರೆ ಅಗುಳಿಯಿಲ್ಲದ ಬಾಗಿಲಿನ ಮನೆಯಲ್ಲಿ ಹಣವಿಟ್ಟಂತೆ. ಹಳೆಯ ಮುದ್ರಣದ ಕೆಲಸಕ್ಕೆ ಅದು ಬೇಕೇ ಆದರೆ ಅಂತರ್ಜಾಲದಿಂದ ದೂರವಿಡುವುದೇ ಲೇಸು.

ನೀವೇ ಪರೀಕ್ಷಿಸಿ ನೋಡಿರಿ

ಯಾರ ಮಾತನ್ನೂ ಕುರುಡಾಗಿ ನಂಬಬೇಕಾಗಿಲ್ಲ. ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಯಾವ ಕೆಲಸವನ್ನೂ ಪ್ರಾರಂಭಿಸದೆಯೇ ನೆನಪಿನ ಎಷ್ಟು ಪಾಲು ಖರ್ಚಾಗಿದೆ, ಡಿಸ್ಕು ನೂರಕ್ಕೆ ನೂರು ದುಡಿಯುತ್ತಿದೆಯೇ ಎಂಬುದನ್ನು ಅಲ್ಲಿ ಓದಿಕೊಳ್ಳಿರಿ. ಗುಂಡಿ ಒತ್ತಿದಂದಿನಿಂದ ಬರೆಯಲು ಸಿದ್ಧವಾಗುವವರೆಗಿನ ಕಾಲವನ್ನು ಗೋಡೆಯ ಗಡಿಯಾರದಲ್ಲಿ ಗುರುತಿಸಿಕೊಳ್ಳಿರಿ. ಬಳಿಕ, ಬಲ್ಲವರಿಂದ ಲಿನಕ್ಸ್ ಮಿಂಟ್‌ನ ಪ್ರತಿಯನ್ನು ಒಂದು ಪೆನ್‌ಡ್ರೈವಿಗೆ ಹಾಕಿಸಿಕೊಂಡು ಅದರಿಂದಲೇ ಯಂತ್ರವನ್ನು ನಡೆಸಿ ನೋಡಿರಿ. ಸ್ಥಾಪಿಸುವ ಆಯ್ಕೆಯನ್ನು ಒತ್ತದಿದ್ದರೆ ಒಳಗಿನ ಡಿಸ್ಕಿಗೆ ಏನೂ ಆಗುವುದಿಲ್ಲ. ಪೆನ್‌ಡ್ರೈವಿನಿಂದ ತುಸು ನಿಧಾನವಾಗಿಯೇ ನಡೆಯುವುದು. ಡಿಸ್ಕಿಗೆ ಹಾಕಿದ ಮೇಲೆ ವೇಗ ಹೆಚ್ಚುತ್ತದೆ. ನಿಮ್ಮ ಮುದ್ರಕಯಂತ್ರ, ಧ್ವನಿ, ನಿಸ್ತಂತು ಸಂಪರ್ಕಗಳು ಸರಿಯಾಗಿವೆಯೇ ಎಂಬುದನ್ನು ಆಗಲೇ ಖಚಿತಪಡಿಸಿಕೊಳ್ಳಿರಿ.

ಯಾವ ಬದಲಾವಣೆಗೂ ಮುನ್ನ ಮಾಡಲೇಬೇಕಾದುದು ಎರಡು ಕೆಲಸ. ಎಲ್ಲ ಕಡತಗಳನ್ನು ಎರಡು ಬೇರೆ ಬೇರೆ ಕಡೆ ನಕಲು ಮಾಡಿಡುವುದು ಮೊದಲನೆಯದು. ಹಳೆಯ ಕನ್ನಡ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸುವುದು ಎರಡನೆಯದು. ಇದಕ್ಕೆ ಪರಿವರ್ತಕ ತಂತ್ರಾಂಶಗಳು ದೊರೆಯುತ್ತವೆ. ಒತ್ತಕ್ಷರಗಳೂ ಅರ್ಕಾವತ್ತೂ ಸ್ಥಾನ ತಪ್ಪುವ ಸಂಭವವಿರುವುದರಿಂದ ಒಮ್ಮೆ ಕಣ್ಣಿಟ್ಟು ತಿದ್ದಬೇಕು. ಹಳೆಯ ಯಂತ್ರ ಬದುಕಿರುವಾಗಲೇ ಈ ಕೆಲಸವಾಗಬೇಕೆಂಬುದನ್ನು ಮರೆಯಬಾರದು.

ಉಳಿಯಬೇಕಾದುದು ಬರೆಹ

ಫ. ಗು. ಹಳಕಟ್ಟಿಯವರು ೧೯೨೫ರಲ್ಲಿ ವಿಜಾಪುರದಲ್ಲಿ ತಮ್ಮ ಮನೆಯನ್ನೇ ಮಾರಿ ಮುದ್ರಣಾಲಯವನ್ನು ಕೊಂಡರು. ಅವರಿಗೆ ಬೇಕಾದುದು ಯಂತ್ರದ ಹೆಮ್ಮೆಯಲ್ಲ. ತಾಡವೋಲೆಗಳಲ್ಲಿ ಹುದುಗಿದ್ದ ವಚನಗಳು ಜನರ ಕೈಸೇರಬೇಕೆಂಬ ಹಂಬಲ. ನಮ್ಮ ಹಾನಗಲ್ಲ ಕುಮಾರ ಶಿವಯೋಗಿಗಳು ೧೯೦೯ರಲ್ಲಿ ಶಿವಯೋಗ ಮಂದಿರವನ್ನು ಸ್ಥಾಪಿಸಿದಾಗ ಓಲೆಗರಿಗಳ ಸಂಗ್ರಹಕ್ಕೂ ಗಮನವಿತ್ತರು. ೧೯೯೩ರಲ್ಲಿ ಕರ್ನಾಟಕ ಸರಕಾರವು ಸಮಗ್ರ ವಚನ ಸಾಹಿತ್ಯವನ್ನು ೧೫ ಸಂಪುಟಗಳಲ್ಲಿ ಪ್ರಕಟಿಸಿತು. ಇಂದು ಆ ವಚನಗಳು ಯೂನಿಕೋಡ್ ರೂಪದಲ್ಲಿಯೂ ದೊರೆಯುತ್ತಿರುವುದರಿಂದ ಹಿರೇಕೆರೂರಿನ ವಿದ್ಯಾರ್ಥಿಯೂ ಹೊರದೇಶದ ಶರಣಬಂಧುವೂ ಯಾವ ವ್ಯವಸ್ಥೆಯ ಯಂತ್ರದಲ್ಲಾದರೂ ಅವುಗಳನ್ನು ಓದಬಲ್ಲರು.

ಆದರೆ ನಮ್ಮ ನಾಲ್ಕು ತಾಲೂಕುಗಳ ಮಠಗಳ ಸ್ಮರಣಸಂಚಿಕೆಗಳು, ಮನೆತನದ ವಂಶಾವಳಿಗಳು, ಹಿರಿಯರು ಬರೆಯಿಸಿಟ್ಟ ಹಾಡು-ಪುರಾಣಗಳು ಇಂದಿಗೂ ಎಷ್ಟೋ ಯಂತ್ರಗಳಲ್ಲಿ ಹಳೆಯ ಅಕ್ಷರಗಳಲ್ಲಿಯೇ ಕುಳಿತಿವೆ. ಯಂತ್ರ ಗುಜರಿಗೆ ಹೋದ ದಿನ ಅವೂ ಹೋಗುತ್ತವೆ. ತಾಡವೋಲೆಗೆ ಗೆದ್ದಲು ಹತ್ತಲು ನೂರು ವರ್ಷ ಬೇಕಾಗಬಹುದು; ಗಣಕದ ಕಡತ ಅಳಿಯಲು ಒಂದು ದಿನ ಸಾಕು. ಊರಿನ ವಿದ್ಯಾವಂತ ಯುವಕ ಯುವತಿಯರು ರಜೆಯಲ್ಲಿ ಮಠದ ಒಂದು ಹಳೆಯ ಯಂತ್ರವನ್ನು ದುರಸ್ತಿ ಮಾಡಿ, ಅದರೊಳಗಿನ ಬರಹವನ್ನು ಪರಿವರ್ತಿಸಿಕೊಟ್ಟರೆ ಅದೂ ಒಂದು ದಾಸೋಹವೇ. ವಿಂಡೋಸ್ ಇರಲಿ, ಲಿನಕ್ಸ್ ಇರಲಿ, ಮೇಲ್ವಿಚಾರಕನು ಬದಲಾಗುತ್ತಲೇ ಇರುತ್ತಾನೆ. ಉಗ್ರಾಣದಲ್ಲಿನ ಕಾಳು ಕೆಡದಂತೆ ನೋಡಿಕೊಳ್ಳುವ ಹೊಣೆ ಮಾತ್ರ ಮನೆಯವರದು.