ಉಸಿರಿಗೂ ಒಂದು ಲೆಕ್ಕ

ದೋಹಾ: ‘ಆಪರೇಷನ್ ಆಯ್ತು, ವೆಂಟಿಲೇಟರ್‌ನಲ್ಲಿದ್ದಾರೆ’ ಎಂದು ಇಲ್ಲಿಂದ ಫೋನ್ ಹೋದರೆ ಊರಿನ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ಆದರೆ ತೆರೆದ ಹೃದಯ ಶಸ್ತ್ರಚಿಕಿತ್ಸೆಯ ನಂತರ ಕೆಲವು ಗಂಟೆ ಯಂತ್ರದ ಉಸಿರು ಮಾಮೂಲು.

ಲೆಕ್ಕಿಗನಾದ ನನಗೆ ಹಿಡಿಸಿದ್ದು ಅದರ ಲೆಕ್ಕ. ಪ್ರತಿ ಉಸಿರಿನ ಗಾಳಿಯನ್ನು ನಿರ್ಧರಿಸುವುದು ತಕ್ಕಡಿಯ ತೂಕವಲ್ಲ, ಎತ್ತರ; ಹೊಟ್ಟೆ ಬಂದರೆ ಶ್ವಾಸಕೋಶ ಬೆಳೆಯುವುದಿಲ್ಲವಲ್ಲ! 170 ಸೆಂ.ಮೀ. ಎತ್ತರದ ಗಂಡಸಿಗೆ ಲೆಕ್ಕದ ತೂಕ 66 ಕೆ.ಜಿ.; ಕೆ.ಜಿ.ಗೆ 6ರಿಂದ 8 ಮಿ.ಲೀ. ಗಾಳಿ. ಅತಿಯಾದರೆ ಗಾಳಿಗೂಡುಗಳು ಹಿಗ್ಗಿ ಉರಿಯೂತ ಏಳುತ್ತದೆ. ರಕ್ತದ ಮೂಲಕ ಬೇರೆ ಅಂಗಗಳಿಗೂ ತಟ್ಟಬಹುದು. ಹೊಟ್ಟೆಯ ಆಪರೇಷನ್ ಆದ 400 ಮಂದಿಯ ಮೇಲೆ ಫ್ರಾನ್ಸಿನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೆಚ್ಚು ಗಾಳಿಯ ಹಳೆಯ ಕ್ರಮದಲ್ಲಿ ಶೇ 27.5 ಮಂದಿಗೆ ದೊಡ್ಡ ತೊಂದರೆಗಳಾದರೆ, ಹೊಸ ಕ್ರಮದಲ್ಲಿ ಶೇ 10.5.

ಟ್ಯೂಬ್ ಇರುವಷ್ಟು ಹೊತ್ತು ಅವರು ಮಾತಾಡಲಾರರು. ‘ಟ್ಯೂಬ್ ಯಾವಾಗ ತೆಗೆಯುತ್ತಾರೆ?’ ಎಂದು ಇಲ್ಲಿರುವ ಸ್ನೇಹಿತರಿಂದ ಡಾಕ್ಟರನ್ನು ಕೇಳಿಸಿ.