ಲೋಳೆಪದರದ ಲೆಕ್ಕ

ಹಡಗಿನ ತಳವಾಗಲಿ, ಕಾರ್ಖಾನೆಯ ಶೀತಕ ಕೊಳವೆಯಾಗಲಿ, ನೀರಿಗಿಳಿದ ಕೆಲವೇ ನಿಮಿಷಗಳಲ್ಲಿ ಅದರ ಮೇಲೆ ಸಾವಯವ ಅಣುಗಳ ತೆಳುಪದರವೊಂದು ಕೂರುತ್ತದೆ. ಬ್ಯಾಕ್ಟೀರಿಯಾಗಳು ನೆಲೆಯೂರುವುದು ಅದರ ಮೇಲೆ. ಅವುಗಳ ಮೈಯಲ್ಲೂ ಬಹುತೇಕ ಮೇಲ್ಮೈಗಳಲ್ಲೂ ಋಣ ವಿದ್ಯುದಂಶವಿರುವುದರಿಂದ ಪರಸ್ಪರ ವಿಕರ್ಷಣೆ ಸಹಜ. ಸಿಹಿನೀರಿನಲ್ಲಿ ಈ ವಿಕರ್ಷಣೆ ಹೆಚ್ಚು ದೂರ ಚಾಚುತ್ತದೆ. ಸಮುದ್ರದಲ್ಲಿ ಲವಣದ ಅಯಾನುಗಳು ಅದನ್ನು ಕುಗ್ಗಿಸುತ್ತವೆ. ಹಾಗೆಂದು ಸಿಹಿನೀರು ಬಳಸುವ ಘಟಕಗಳು ನಿಶ್ಚಿಂತವಾಗಿರುವಂತಿಲ್ಲ. ಕೂದಲೆಳೆಯಂಥ ಅಂಗಗಳಿಂದ ಅನೇಕ ಬ್ಯಾಕ್ಟೀರಿಯಾಗಳು ಆ ಅಂತರವನ್ನು ದಾಟಬಲ್ಲವು. ಮೊದಲ ಹಿಡಿತ ಸಡಿಲವಾದುದು, ತೊಳೆದರೆ ಹೋಗುತ್ತದೆ. ಅಂಟು ಸ್ರವಿಸಿದ ಬಳಿಕ ಉಜ್ಜದೆ ಬಿಡದು.

ಲೆಕ್ಕಪತ್ರದಲ್ಲಿ ಇದಕ್ಕೆ ಪ್ರತ್ಯೇಕ ಶೀರ್ಷಿಕೆಯಿಲ್ಲ. ಇಂಧನದ ಖಾತೆಯಲ್ಲಿ ಅಡಗಿರುತ್ತದೆ. ಅಮೆರಿಕದ ನೌಕಾಪಡೆಯ ಒಂದೇ ವರ್ಗದ ಯುದ್ಧನೌಕೆಗಳಿಗೆ ತಳಕ್ಕಂಟಿದ ಜೀವಿಗಳಿಂದಾಗುವ ವೆಚ್ಚ ವರ್ಷಕ್ಕೆ 5.6 ಕೋಟಿ ಡಾಲರ್ ಎಂದು 2011ರಲ್ಲಿ ಅಂದಾಜಿಸಲಾಯಿತು. ಅದರಲ್ಲಿ ಶುಚಿಗೊಳಿಸುವ ಹಾಗೂ ಬಣ್ಣ ಬಳಿಯುವ ಖರ್ಚು ಇಂಧನದ ಖರ್ಚಿಗಿಂತ ಬಹಳ ಕಡಿಮೆ.